ಬೆಂಕಿ ಕಂಡ ಲೋಹ

ಮದುವೆ ಮನೆಗಳಲ್ಲಿ ಈಗಲೂ ನನ್ನ ಕೈ ನೋಡುವವರಿದ್ದಾರೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಮೊದಲು ನನ್ನ ಉಗುರಿನ ಸಂದಿ ನೋಡಿ, ಆಮೇಲೆ ಮುಖ ನೋಡಿ, "ಇನ್ನೂ ಅದೇ ಕೆಲ್ಸವಾ?" ಎಂದು ಕೇಳುತ್ತಾರೆ. ಹೌದು, ಇನ್ನೂ ಅದೇ ಕೆಲಸ. ಅರವತ್ತರ ಹತ್ತಿರ ಬಂದಿದ್ದೇನೆ, ಶಿರಸಿಯಲ್ಲಿ ನನ್ನದೇ ಶೆಡ್ಡಿದೆ, ಹಳೆಯ ಕಾರುಗಳ ಎಂಜಿನ್ನು ಬಿಚ್ಚಿ ಕಟ್ಟುತ್ತೇನೆ. ಹುಬ್ಬಳ್ಳಿಯಿಂದ, ಗೋವೆಯಿಂದ ಜನ ಮೊಬೈಲಿನಲ್ಲಿ ಎಂಜಿನ್ನಿನ ಸದ್ದು ರೆಕಾರ್ಡ್ ಮಾಡಿ ಕಳಿಸಿ ಇದಕ್ಕೇನು ಕಾಯಿಲೆ ಹೇಳಿ ಎನ್ನುತ್ತಾರೆ. ಉಗುರಿನ ಕಪ್ಪು ಹೋಗುವುದಿಲ್ಲ. ಹೋಗಲಿ ಎಂದು ನಾನು ತಿಕ್ಕುವುದೂ ಇಲ್ಲ. ನೋಡುವವರು ನೋಡಿಕೊಳ್ಳಲಿ. ಈ ಕೆಲಸವನ್ನು ನನಗೆ ಯಾರೂ ಅರಿಶಿನ ಕುಂಕುಮ ಹಚ್ಚಿ ಕೊಟ್ಟದ್ದಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಅದನ್ನು ನನ್ನ ಕೈಯಿಂದ ಕಿತ್ತುಕೊಳ್ಳಲು ನಮ್ಮ ಮನೆಯವರೇ ಹೊರಟಿದ್ದರು. ನಾನು ಬಿಟ್ಟುಕೊಡಲಿಲ್ಲ, ಅಷ್ಟೇ.

ನಮ್ಮದು ಯಲ್ಲಾಪುರ ರಸ್ತೆಗೆ ಮುಖಮಾಡಿದ ಉದ್ದನೆಯ ಕಟ್ಟಡ. ಮುಂದಿನ ಅರ್ಧ ಗ್ಯಾರೇಜು, ಹಿಂದಿನ ಅರ್ಧ ಮನೆ, ನಡುವೆ ಒಂದೇ ಗೋಡೆ. ಅಪ್ಪಯ್ಯನ ಅಣ್ಣಂದಿರು ತೋಟ ಇಟ್ಟುಕೊಂಡರು, ಅಪ್ಪಯ್ಯ ಪಾನಾ ಹಿಡಿದು ಪೇಟೆಗೆ ಬಂದ. ಭಟ್ಟರ ಮಗ ಗ್ರೀಸು ಬಳಿದುಕೊಂಡು ಕಾರಿನ ಕೆಳಗೆ ಮಲಗುತ್ತಾನೆ ಎಂದು ನೆಂಟರು ಆಡಿಕೊಂಡರು, ತಮ್ಮ ಜೀಪು ಕೆಟ್ಟಾಗ ಅವನ ಹತ್ತಿರವೇ ಬಂದರು. ಮನೆಯೊಳಗಿನ ಆಡಳಿತ ಅಪ್ಪಯ್ಯನ ಅಕ್ಕನದು. ನಾನು ಅವಳನ್ನು ಅತ್ತೆ ಎನ್ನುತ್ತಿದ್ದೆ. ಹೇರೂರಿನಲ್ಲಿ ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದವಳು, ಬಂದ ದಿನವೇ ಅಡಿಗೆಮನೆಯ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳಂತೆ. ಕೆಟ್ಟವಳಲ್ಲ. ಆದರೆ ಮಡಿ ಮೈಲಿಗೆಯ ವಿಷಯದಲ್ಲಿ ಅವಳ ಮಾತಿಗೆ ಮೇಲ್ಮನವಿ ಇರಲಿಲ್ಲ. ನನ್ನ ತಾಯಿ, ಅಂದರೆ ಆಯಿ, ಅಪ್ಪಯ್ಯ ಅತ್ತೆಯರ ನಡುವೆ ಬಡಿಸುತ್ತ, ತೊಳೆಯುತ್ತ, ಮಾತಿಲ್ಲದೆ ಓಡಾಡಿಕೊಂಡಿದ್ದಳು.

ಹಿತ್ತಲಲ್ಲಿ ಬಚ್ಚಲಿಗೆ ಅಂಟಿಕೊಂಡು ಹೊರಗಿನ ಕೋಣೆ ಎಂಬುದೊಂದಿತ್ತು. ತಿಂಗಳ ಮೂರು ದಿನ ಆಯಿ ಅಲ್ಲಿ ಕೂರುತ್ತಿದ್ದಳು. ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು, ಬಚ್ಚಲ ಹೊಗೆ ಒಳಗೆ ಬರುವ ಒಂದು ಕಿಟಕಿ. ಅವಳು ಮುಟ್ಟಿದ ಅರಿವೆಯನ್ನು ನೀರಿಗೆ ಹಾಕಬೇಕು, ಮಣ್ಣಿನದಾದರೆ ಬಿಸಾಡಬೇಕು, ತಟ್ಟೆ ಚೊಂಬನ್ನು ಹುಣಸೆಹಣ್ಣು ಬೂದಿಯಲ್ಲಿ ತಿಕ್ಕಿ, ಹುಲ್ಲು ಹೊತ್ತಿಸಿ ಬೆಂಕಿ ತೋರಿಸಿ ಒಳಗೆ ತರಬೇಕು. "ಬೆಂಕಿ ಕಂಡ ಲೋಹಕ್ಕೆ ಮೈಲಿಗೆ ಇಲ್ಲೆ" ಎಂಬುದು ಅತ್ತೆಯ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದ ಮಾತು. ನಾನು ಶಾಲೆ ಬಿಟ್ಟವಳೇ ಶೆಡ್ಡಿಗೆ ನುಗ್ಗಿ ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುತ್ತ, ವಾಲ್ವ್ ಉಜ್ಜುತ್ತ ಇರುತ್ತಿದ್ದೆ. ಹುಡುಗಿ ಎಂದು ಅಪ್ಪಯ್ಯ ಬೇಡ ಅನ್ನಲಿಲ್ಲ, ಹುಡುಗಿ ಎಂದು ಹೊಗಳಲೂ ಇಲ್ಲ. ಅದು ನನಗೆ ಹಿತವಾಗಿತ್ತು.

ಆ ಕಾರನ್ನು ತಂದವರು ಬನವಾಸಿ ಕಡೆಯ ಚನ್ನಬಸಪ್ಪ ಸಾವ್ಕಾರ್ರು, ಮರದ ವ್ಯಾಪಾರಿ. ಎರಡೇ ಸೀಟು, ತಲೆಯ ಮೇಲೆ ಮಡಚುವ ಬಟ್ಟೆ, ಉದ್ದ ಮೂತಿ, ವಿಲಾಯಿತಿಯ ಹಳೆಯ ಸ್ಪೋರ್ಟ್ಸ್ ಕಾರು. ಗೋವೆಯಲ್ಲಿ ಯಾರೋ ಮಾರಿ ಹೋದದ್ದನ್ನು ಆಸೆಪಟ್ಟು ಕೊಂಡಿದ್ದರು. ನೋಡಲು ರಾಜನ ಹಾಗಿತ್ತು, ಹೊಗೆ ಬಿಡುವುದರಲ್ಲಿ ಬಚ್ಚಲ ಒಲೆಯ ಹಾಗಿತ್ತು.

"ಭಟ್ರ, ಅರಬೈಲ್ ಘಟ್ಟ ಹತ್ತಾಗ ನಮ್ಮ ಅಳಿಯನ ಜೀಪು ನನ್ನ ದಾಟಿ ಹೋತ್ರಿ. ಹಿಂದ ನೋಡಿ ನಕ್ಕ ಅವ," ಎಂದರು ಸಾವ್ಕಾರ್ರು. "ರೇಸ್ ಗೀಸ್ ಬ್ಯಾಡ ನನಗ. ಘಟ್ಟ ಥರ್ಡ್ ಗೇರ್‌ನಾಗ ಹತ್ತಬೇಕು, ಕುದೀಬಾರ್ದು. ಅಷ್ಟ ಮಾಡಿಕೊಡ್ರಿ."

ಅಂದಿನ ರಾತ್ರಿಯೂಟದ ತುಂಬ ಅದೇ ಮಾತು. ಅಪ್ಪಯ್ಯ ತಂಬುಳಿ ಸುರಿಯುತ್ತ ತನ್ನ ಯೋಜನೆ ಹೇಳಿದ. ಹೇಗೂ ಎಂಜಿನ್ನು ಪೂರ್ತಿ ಬಿಚ್ಚಬೇಕು, ಸವೆದ ಸಿಲಿಂಡರು ಕೊರೆಸಿ ಹೊಸ ಪಿಸ್ಟನ್ ಹಾಕಬೇಕು. ಕಟ್ಟುವಾಗ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಸುಧಾರಿಸಿದರೆ ಶಕ್ತಿ ತಾನಾಗಿ ಬರುತ್ತದೆ. ಎಂಜಿನ್ನಿನ ತಲೆ, ಅಂದರೆ ಹೆಡ್ಡಿನಲ್ಲಿ, ಗಾಳಿ ಒಳಗೆ ಬರುವ ಹೊರಗೆ ಹೋಗುವ ದಾರಿಗಳಿವೆ, ಅಚ್ಚಿನಲ್ಲಿ ಎರಕ ಹೊಯ್ದಾಗಿನ ಒರಟು ಹಾಗೇ ಇರುತ್ತದೆ. ಅದನ್ನು ನಯ ಮಾಡಬೇಕು. ಹೆಡ್ಡಿನ ಅಡಿಯನ್ನು ಕೂದಲೆಳೆಯಷ್ಟು ಹೆರೆಸಿದರೆ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಏರುತ್ತದೆ. ಪಿಸ್ಟನ್ನು, ಕನೆಕ್ಟಿಂಗ್ ರಾಡುಗಳೆಲ್ಲ ಒಂದೇ ತೂಕಕ್ಕೆ ಬಂದರೆ ನಡುಕ ಹೋಗುತ್ತದೆ. ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ. ನಮ್ಮ ಕಡೆ ಸಿಗುವ ಪೆಟ್ರೋಲಿಗೆ ಕಂಪ್ರೆಷನ್ ಜಾಸ್ತಿಯಾದರೆ ಎಂಜಿನ್ನು ಕಟಕಟ ಹಲ್ಲು ಕಡಿಯುತ್ತದೆ, ನಾಕಿಂಗ್ ಅನ್ನುತ್ತಾರೆ ಅದಕ್ಕೆ, ಪಿಸ್ಟನ್ನೇ ತೂತಾಗುತ್ತದೆ.

"ಅತಿ ಆಸೆ ಗತಿ ಕೇಡು," ಎಂದ ಅಪ್ಪಯ್ಯ.

"ದೇವ್ರು ಕೊಟ್ಟ ಹಾಂಗೆ ಇಪ್ಪಲೆ ಬಿಡದು ಇಲ್ಲೆ ನೀನು," ಎಂದಳು ಅತ್ತೆ.

"ಇದ್ನ ದೇವ್ರು ಕೊಟ್ಟಿದ್ದಲ್ಲ, ಫ್ಯಾಕ್ಟ್ರಿಯವ್ರು," ಎಂದೆ ನಾನು. ಆಯಿ ನನ್ನ ಎಲೆಗೆ ಅನ್ನ ಹಾಕುತ್ತ ಕಣ್ಣಲ್ಲೇ ಸುಮ್ಮನಿರು ಎಂದಳು.

ತೂಕದ ಕೆಲಸ ನನ್ನದಾಯಿತು. ಅತ್ತೆ ಏಲಕ್ಕಿ ತೂಗುವ ಸಣ್ಣ ತಕ್ಕಡಿಯನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗಿ ರಾಡುಗಳನ್ನು ಒಂದೊಂದಾಗಿ ಜೋಡಿ ಮಾಡಿ ತೂಗಿದೆ, ಭಾರದ್ದನ್ನು ಅರದಿಂದ ಉಜ್ಜಿ ಹಗುರದ್ದಕ್ಕೆ ಸರಿ ಮಾಡಿದೆ. ಗೊತ್ತಾದ ಮೇಲೆ ಅತ್ತೆ ತಕ್ಕಡಿಗೂ ಬೆಂಕಿ ತೋರಿಸಿದಳು. ಆಮೇಲೆ ಹೆಡ್ಡಿನ ಕೆಲಸ. ಅದರ ದಾರಿಗಳು ಒಳಗೆ ತಿರುವಿಕೊಂಡು ಹೋಗುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಬೆರಳು ಹಾಕಿ ತಡವಿಯೇ ಉಬ್ಬು ತಗ್ಗು ತಿಳಿಯಬೇಕು. ಅಪ್ಪಯ್ಯನ ಬೆರಳು ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಿತ್ತು, ನನ್ನದು ತುದಿವರೆಗೆ ಹೋಗುತ್ತಿತ್ತು. ಕಡ್ಡಿಗೆ ಎಮರಿ ಕಾಗದ ಸುತ್ತಿ ಉಜ್ಜುವುದು, ತಡವುವುದು, ಮತ್ತೆ ಉಜ್ಜುವುದು. ಅರ್ಧ ಮುಗಿದಿತ್ತು. ಆಗ ನಾನು ದೊಡ್ಡವಳಾದೆ.

ಹೊರಗಿನ ಕೋಣೆಗೆ ನನ್ನ ಚಾಪೆ ಹೋಯಿತು. ನನಗೆ ಹೊಟ್ಟೆನೋವಿಗಿಂತ ಹೆಚ್ಚು ಉರಿದದ್ದು ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು ಅಪ್ಪಯ್ಯನಿಗೆ ಹೇಳಿದ ಮಾತಿಗೆ.

"ಕೂಸು ದೊಡ್ಡಾತು. ಇನ್ನು ಗಂಡಸ್ರು ಇಪ್ಪ ಶೆಡ್ಡಿಗೆ ಅದು ಹೋಪದು ಬ್ಯಾಡ. ಮೂರು ದಿನಕ್ಕಲ್ಲ, ಯಾವಾಗ್ಲೂ."

"ಹೆಡ್ಡು ಅರ್ಧಕ್ಕೆ ನಿಂತಿದ್ದು, ಅಕ್ಕಾ," ಎಂದ ಅಪ್ಪಯ್ಯ. ಅವನಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಕ್ಕನ ಎದುರು ಅವನ ದನಿ ಯಾವತ್ತೂ ಒಂದು ಮಟ್ಟ ಕೆಳಗೇ ಇರುತ್ತಿತ್ತು. ನನಗೆ ಅವನ ಮೇಲೆ ಬಂದ ಸಿಟ್ಟು ಅತ್ತೆಯ ಮೇಲೂ ಬಂದಿರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನಾನೇ ಕೂಗಿದೆ.

"ಅತ್ತೆ, ಬೆಂಕಿ ಕಂಡ ಲೋಹಕ್ಕೆ ಮೈಲಿಗೆ ಇಲ್ಲೆ ಅಲ್ದಾ?"

"ಇಲ್ಲೆ. ಅದಕ್ಕೆಂತ ಈಗ?"

"ಹಂಗಾರೆ ಹೆಡ್ಡನ್ನ ಇಲ್ಲಿಗೇ ತಂದು ಕೊಡ್ಲಿ. ಪೆಟ್ರೋಲು ಹೊತ್ತಿ ಉರಿಯದೇ ಅದ್ರೊಳಗೆ. ನಿನ್ನ ಹುಲ್ಲಿನ ಬೆಂಕಿ ಒಂದು ಗಳಿಗೆ. ಇದ್ರದ್ದು ಗಾಡಿ ಓಡುವಷ್ಟು ಹೊತ್ತೂ ಬೆಂಕಿಯೇ."

ನಿಯಮ ಅತ್ತೆಯದು, ಅದಕ್ಕೆ ಅವಳೇ ತಪ್ಪುವವಳಲ್ಲ.

"ಬಾಯಿ ಮಾತ್ರ ಊರಗಲ ಇದ್ದು," ಎಂದಳು. "ಆತು. ಇದೊಂದು ಕೆಲ್ಸ ಮುಗ್ಸಿ ಕೊಡ್ಲಿ. ಹೆಡ್ಡು ಶೆಡ್ಡಿಗೆ ವಾಪಸ್ ಹೋಪ ಮೊದ್ಲು ಶುದ್ಧ ಮಾಡದು ಯನ್ನ ಕೆಲ್ಸ. ಅದಾದ್ಮೇಲೆ ಕೂಸಿಗೆ ಶೆಡ್ಡು ಬಂದ್."

ಆ ಮೂರು ದಿನ ನನ್ನನ್ನು ಯಾರೂ ನೀರು ತಾ, ಕಸ ಹೊಡಿ ಎಂದು ಕರೆಯಲಿಲ್ಲ. ಅಷ್ಟು ಬಿಡುವು ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಮೂಲೆಯಲ್ಲಿ ಕುಗ್ಗಿ ಕೂರಲಿ ಎಂದು ಕೊಟ್ಟ ಕೋಣೆಯಲ್ಲಿ ಹೆಡ್ಡನ್ನು ತೊಡೆಗೆ ಒರಗಿಸಿಕೊಂಡು ಉಜ್ಜಿದೆ. ಊಟದ ತಟ್ಟೆ ಇಡಲು ಬಂದ ಆಯಿ ಒಮ್ಮೆ ನಿಂತು ನೋಡಿದಳು. ಇಲ್ಲಿ ಬೆರಳು ಹಾಕಿ ನೋಡು ಎಂದೆ. ಮುಟ್ಟುವ ಹಾಗಿಲ್ಲ ಎಂದು ಕೈ ಹಿಂದೆ ಕಟ್ಟಿಕೊಂಡಳು, ಆದರೆ ಹೋಗಲಿಲ್ಲ, ನಾನು ಉಂಡು ಮುಗಿಸುವವರೆಗೂ ಹೊಸ್ತಿಲಾಚೆ ಕೂತಿದ್ದಳು. ಮೂರನೆಯ ಸಂಜೆಗೆ ದಾರಿಗಳೆಲ್ಲ ಮಜ್ಜಿಗೆ ಬಟ್ಟಲಿನ ಒಳಮೈಯಷ್ಟು ನಯವಾಗಿದ್ದವು.

ನಾಲ್ಕನೆಯ ಬೆಳಿಗ್ಗೆ ಮಿಂದು ಬಂದು ನೋಡುತ್ತೇನೆ, ಹೆಡ್ಡು ಬಚ್ಚಲ ಒಲೆಯಲ್ಲಿತ್ತು. ಅಷ್ಟು ದಪ್ಪನೆಯ ಲೋಹಕ್ಕೆ ಹುಲ್ಲಿನ ಬೆಂಕಿ ಏನು ಸಾಲುತ್ತದೆ ಎಂದು ಅತ್ತೆ ಅದನ್ನು ಗೋಣಿಯ ಮೇಲೆ ಎಳೆದು ತಂದು, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಕೆಂಡದ ನಡುವೆ ನೂಕಿದ್ದಳು. ನಾನು ಕಿರುಚುವಷ್ಟರಲ್ಲಿ ಕೋಲಿನಿಂದ ಹೊರಗೆಳೆದು ಕೊಡದಲ್ಲಿದ್ದ ಬಾವಿ ನೀರು ಹೊಯ್ದೂ ಬಿಟ್ಟಳು. ಚುಂಯ್ ಎಂದು ಹಿತ್ತಲ ತುಂಬ ಆವಿ. ಅಪ್ಪಯ್ಯ ಓಡಿ ಬಂದ. ತಣಿದ ಮೇಲೆ ಶೆಡ್ಡಿಗೆ ಒಯ್ದು ಅದರ ಅಡಿಗೆ ಉಕ್ಕಿನ ಪಟ್ಟಿ ಇಟ್ಟು ನೋಡಿದೆವು. ನಡುವೆ ಬೆಳಕು ಕಾಣುತ್ತಿತ್ತು. ಬಿರುಕು ಬಿಟ್ಟಿರಲಿಲ್ಲ, ಆದರೆ ಸೊಟ್ಟಗಾಗಿತ್ತು.

"ನೋಡು, ಹೊರಗಾದ ಕೂಸು ಮುಟ್ಟಿದ್ದಕ್ಕೆ ಹೀಂಗಾತು," ಎಂದಳು ಅತ್ತೆ. ಅವಳ ಮುಖವೂ ಬಿಳಿಚಿತ್ತು, ಆದರೆ ಮಾತು ಬಿಡಲಿಲ್ಲ.

"ಆನು ಮುಟ್ಟಿದ್ದಕ್ಕಲ್ಲ. ನೀನು ಸುಟ್ಟಿದ್ದಕ್ಕೆ," ಎಂದೆ.

ಅಪ್ಪಯ್ಯ ನನ್ನ ಕೆನ್ನೆಗೆ ಹೊಡೆದ. ಅದೇ ಮೊದಲು, ಅದೇ ಕೊನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ. ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಣ್ಣೀರು ಸುರಿಸಿದೆ, ಆದರೆ ಶೆಡ್ಡಿನ ಬೆಂಚು ಬಿಟ್ಟು ಕದಲದೆ ಸುರಿಸಿದೆ.

ಹೆಡ್ಡು ಹುಬ್ಬಳ್ಳಿಗೆ ಹೋಗಿ ಹೆರೆಸಿಕೊಂಡು ಬಂತು. ಸೊಟ್ಟ ಹೋಗಬೇಕಾದರೆ ನಾವು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚೇ ಹೆರೆಯಬೇಕಾಗಿತ್ತು. ಈಗ ಬೇರೆ ಪೇಚು. ಹೆಡ್ಡಿನ ಅಡಿಯಲ್ಲಿ ಪೆಟ್ರೋಲು ಉರಿಯುವ ಗುಳಿಗಳು ಆಳ ಕಳೆದುಕೊಂಡಿದ್ದವು, ಹಾಗೇ ಕಟ್ಟಿದರೆ ಕಂಪ್ರೆಷನ್ ವಿಪರೀತ. ಸ್ವಲ್ಪ ಸುಧಾರಣೆ ಎಂದು ಹೊರಟವರು ಅತಿ ಆಸೆಯ ಬಾಗಿಲಲ್ಲಿ ನಿಂತಿದ್ದೆವು. ಸಾವ್ಕಾರ್ರಿಗೆ ಏನು ಹೇಳುವುದು ಎಂದು ಅಪ್ಪಯ್ಯ ತಲೆ ಮೇಲೆ ಕೈ ಹೊತ್ತು ಕೂತ. ಹೆರೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ, ನಿಜ. ಆದರೆ ಗುಳಿಯ ಗೋಡೆಯನ್ನು ಒಳಗಿನಿಂದ ಉಜ್ಜಿ ಅಗಲ ಮಾಡಬಹುದಲ್ಲ, ಕಳೆದುಹೋದ ಜಾಗ ಅಷ್ಟು ವಾಪಸು ಬರುತ್ತದಲ್ಲ ಎಂದೆ. ಅಪ್ಪಯ್ಯ ತಲೆಯೆತ್ತಿದ. ನಾಲ್ಕೂ ಗುಳಿ ಒಂದೇ ಅಳತೆಗೆ ಬರಬೇಕು, ಇಲ್ಲದಿದ್ದರೆ ಎಂಜಿನ್ನು ಕುಂಟುತ್ತದೆ, ಅಳೆಯುವುದು ಯಾವುದರಲ್ಲಿ ಎಂದ. ಹಳೆಯ ಸ್ಕೂಟರಿನ ಮುಂಗಾಜಿನ ಪ್ಲಾಸ್ಟಿಕ್ ಕತ್ತರಿಸಿ, ನಡುವೆ ತೂತು ಮಾಡಿ ಗುಳಿಯ ಮೇಲೆ ಮುಚ್ಚಿದೆ. ತೂತಿನಿಂದ ಸೀಮೆಎಣ್ಣೆ ಬಿಟ್ಟು ಎಷ್ಟು ಹಿಡಿಯುತ್ತದೆ ಎಂದು ನೋಡಬೇಕಿತ್ತು. ಆಯಿ ಒಳಗಿನಿಂದ ಬಂದು, ನಾನು ಸಣ್ಣವಳಿದ್ದಾಗ ನನ್ನ ಬಾಯಿಗೆ ಔಷಧ ಬಿಡುತ್ತಿದ್ದ ಗೆರೆ ಹಾಕಿದ ಸಿರಿಂಜನ್ನು ಬೆಂಚಿನ ಮೇಲಿಟ್ಟು ಹೋದಳು. ಅಪ್ಪಯ್ಯ ಲೆಕ್ಕ ಹಾಕಿ ಇಷ್ಟು ಹಿಡಿಯಬೇಕು ಎಂದು ಹೇಳಿದ. ಉಜ್ಜುವುದು ನನ್ನ ಪಾಲು.

ಅತ್ತೆ ನಡುಗೋಡೆಯ ಬಾಗಿಲಿಗೆ ಬಂದಳು.

"ಶೆಡ್ಡು ಬಂದ್ ಹೇಳಿ ಆಯ್ದು. ಎದುರಿನ ಚಾ ಅಂಗಡಿ ಗಂಡಸ್ರೆಲ್ಲ ನೋಡ್ತಾ ಇದ್ದ. ಒಳಗೆ ಬಾ."

"ನೀ ಹಾಳು ಮಾಡಿದ್ದನ್ನ ಆನು ಸರಿ ಮಾಡವು. ಅಲ್ಲೀವರೆಗೆ ಬತ್ನಿಲ್ಲೆ."

"ಆಮೇಲೆ?"

"ಆಮೇಲೂ ಬತ್ನಿಲ್ಲೆ."

ಶಾಲೆ ಬಿಟ್ಟ ಮೇಲಿನ ಹೊತ್ತೆಲ್ಲ ರಸ್ತೆಗೆ ಕಾಣುವ ಹಾಗೆ ಬೆಂಚಿನ ಮುಂದೆ ನಿಂತು ಉಜ್ಜಿದೆ. ಸಿರಿಂಜಿನಲ್ಲಿ ಅಳೆ, ಉಜ್ಜು, ತೊಳೆ, ಮತ್ತೆ ಅಳೆ. ಒಂದು ಗುಳಿ ಹದಕ್ಕೆ ಬಂದರೆ ಇನ್ನೊಂದು ಹಿಂದೆ ಬೀಳುತ್ತಿತ್ತು. ಕಡೆಗೆ ನಾಲ್ಕೂ ಒಂದೇ ಗೆರೆಗೆ ಬಂದಾಗ ಅಪ್ಪಯ್ಯ ತಾನೇ ಒಂದು ಸಲ ಅಳೆದು, ವಾಲ್ವ್ ಕೂರುವ ಅಂಚುಗಳನ್ನು ಕತ್ತರಿಸಲು ಕೂತ. ಎಂಜಿನ್ನು ಕಟ್ಟಿ, ಕಾರ್ಬ್ಯುರೇಟರು ಹದ ಮಾಡಿ, ಚಾಲೂ ಮಾಡುವಷ್ಟರಲ್ಲಿ ತಿಂಗಳೇ ಕಳೆಯಿತು. ನಿಂತಲ್ಲಿ ಸದ್ದು ಚೆನ್ನಾಗಿತ್ತು. ಆದರೆ ನಾಕಿಂಗ್ ಇದೆಯೋ ಇಲ್ಲವೋ ಎಂದು ಗೊತ್ತಾಗುವುದು ಭಾರ ಬಿದ್ದಾಗ, ಘಟ್ಟದಲ್ಲಿ. ಅಲ್ಲಿ ಕಟಕಟ ಎಂದರೆ ನನ್ನ ಕಥೆ ಮುಗಿಯಿತು, ನಾನು ಅಡಿಗೆಮನೆಗೆ, ಬೆಂಚು ಬೇರೆಯವರಿಗೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಸಾವ್ಕಾರ್ರು ಕಾರು ಒಯ್ಯಲು ಬಂದ ದಿನ ನಾನು ಮತ್ತೆ ಹೊರಗಿನ ಕೋಣೆಯಲ್ಲಿದ್ದೆ. ಎಂಜಿನ್ನಿನ ಸದ್ದು ಕೇಳಿದ್ದೇ ಎದ್ದು, ಹಿತ್ತಲು ಸುತ್ತಿ ರಸ್ತೆಗೆ ಬಂದೆ. ಅವರು ಓಡಿಸುವವರು, ಪಕ್ಕದ ಸೀಟು ಒಂದೇ. ಅಪ್ಪಯ್ಯ ಅಲ್ಲಿ ಕೂತು ಸದ್ದು ಕೇಳುವುದೆಂದು ಮಾತಾಗಿತ್ತು. ನಾನು ಹೋಗಿ ಆ ಬದಿಯ ಬಾಗಿಲು ತೆಗೆದೆ. ಚಾ ಅಂಗಡಿಯ ಗಂಡಸರೆಲ್ಲ ಕಾರು ನೋಡಲು ನೆರೆದಿದ್ದರು. ಅತ್ತೆ ಜಗುಲಿಯಿಂದ, ಅಷ್ಟೂ ಜನಕ್ಕೆ ಕೇಳುವ ಹಾಗೆ ಹೇಳಿದಳು.

"ಕೂಸು ಹೊರಗಿದ್ದು. ಗಾಡಿ ಮುಟ್ಟಲಾಗ."

ಗಂಡಸರು ನೆಲ ನೋಡಿದರು. ನನ್ನ ಕಿವಿ ಬಿಸಿಯಾಯಿತು. ನಾಚಿ ಒಳಗೆ ಓಡುತ್ತಾಳೆ ಎಂದೇ ಅವಳು ಹಾಗೆ ಹೇಳಿದ್ದು. ಹೆಣ್ಣುಮಕ್ಕಳನ್ನು ಒಳಗೆ ಓಡಿಸಲು ಅಷ್ಟು ಸಾಕಾಗುತ್ತಿತ್ತು, ಬಹಳ ಕಡೆ ಈಗಲೂ ಸಾಕಾಗುತ್ತದೆ.

"ಹೌದು, ನಿನ್ನೆಯಿಂದ," ಎಂದೆ ನಾನು, ಅವಳಷ್ಟೇ ಗಟ್ಟಿಯಾಗಿ. ಹೇಳಿ ಸೀಟಿನಲ್ಲಿ ಕೂತೆ.

"ಕುಂದರ್ಲಿ ಬಿಡ್ರಿ ಅಮ್ಮಾರ," ಎಂದರು ಸಾವ್ಕಾರ್ರು. "ಲಿಂಗ ಕಟ್ಟಿದ ಮಂದಿಗೆ ಆ ಸೂತಕ ಇಲ್ರಿ. ಗಾಡಿ ನಂದೈತಿ."

ಅತ್ತೆ ಅವರ ಕಡೆ ನೋಡಲೇ ಇಲ್ಲ. "ತಮ್ಮಾ, ನೀನು ಎಂತ ಹೇಳ್ತೆ?" ಎಂದು ಅಪ್ಪಯ್ಯನನ್ನು ಕೇಳಿದಳು.

ಅಪ್ಪಯ್ಯ ಕೈ ಒರೆಸಿಕೊಂಡ. ಒರೆಸಿದ್ದನ್ನೇ ಒರೆಸಿದ. ಅತ್ತೆಗೆ ಉತ್ತರ ಕೊಡಲು ನನಗೆ ಬರುತ್ತಿತ್ತು, ಅವನು ಇಳಿ ಎಂದರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

"ಎಂಜಿನ್ನು ಕಟ್ಟಿದ್ದು ಕೂಸು, ಅಕ್ಕಾ," ಎಂದ. "ಕೇಳದಾದ್ರೆ ಅದೇ ಕೇಳವು. ಆನು ಹೋಗ್ತ್ನಿಲ್ಲೆ."

ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಬುಡದಲ್ಲಿ ಕಾರು ತಿರುಗಿಸಿ ಹತ್ತತೊಡಗಿದೆವು. ಸಾವ್ಕಾರ್ರು ಥರ್ಡ್ ಗೇರಿಗೆ ಹಾಕಿ ಕಾಲು ಊರಿದರು. ನಾನು ಮುಂದಕ್ಕೆ ಬಾಗಿ ಡ್ಯಾಶಿಗೆ ಕಿವಿ ಹಚ್ಚಿದೆ. ಮೊದಲ ತಿರುವು, ಎರಡನೆಯದು, ಉಸಿರುಗಟ್ಟಿ ನಿಂತ ಲಾರಿಯೊಂದನ್ನು ದಾಟುವಾಗ ಎಂಜಿನ್ನಿನ ಮೇಲೆ ಪೂರ್ತಿ ಭಾರ ಬಿತ್ತು.

"ಹಲ್ಲು ಕಡೀತೈತೇನವ್ವ?"

"ಇಲ್ರಿ. ಇನ್ನೂ ಒತ್ತಿ."

ಒತ್ತಿದರು. ಒಂದೇ ದನಿ, ಸಮ ದನಿ, ಮೇಲಿನವರೆಗೂ. ನೀರು ಕುದಿಯಲಿಲ್ಲ. ಮೇಲೆ ಬಂದು ನಿಲ್ಲಿಸಿದಾಗ ಸಾವ್ಕಾರ್ರು ಬರೇ ನಗುತ್ತಿದ್ದರು. ನಾನು ನಗಲಿಲ್ಲ. ಬಾನೆಟ್ಟು ತೆಗೆದು ಎಲ್ಲಾದರೂ ಸೋರಿದೆಯೇ ನೋಡಿದೆ, ಆಮೇಲೆ ಅದರ ಮೇಲೆಯೇ ತಲೆಯಿಟ್ಟು ಒಂದಷ್ಟು ಹೊತ್ತು ನಿಂತೆ.

ಮರುದಿನ ಬೆಳಿಗ್ಗೆ, ಇನ್ನೂ ನನ್ನ ಮೂರು ದಿನ ಮುಗಿದಿರಲಿಲ್ಲ, ಹೊರಗಿನ ಕೋಣೆಯನ್ನು ಖಾಲಿ ಮಾಡಿದೆ. ಯಾರನ್ನೂ ಕೇಳಲಿಲ್ಲ. ಗೋಡೆಗೆ ಮೊಳೆ ಹೊಡೆದೆ, ಶೆಡ್ಡಿನಲ್ಲಿ ಜಾಗ ಸಾಲದೆ ಬಿದ್ದಿದ್ದ ಗ್ಯಾಸ್ಕೆಟ್ಟುಗಳನ್ನು ನೇತುಹಾಕಿದೆ, ಕಿಟಕಿಯ ಕೆಳಗೆ ಹಳೆಯ ಮೇಜು ಎಳೆದು ತಂದು ನನ್ನ ಅರ, ಎಮರಿ ಎಲ್ಲ ಜೋಡಿಸಿದೆ. ಚಾಪೆಯನ್ನು ಅಂಗಳಕ್ಕೆ ಎಸೆದೆ. ಅತ್ತೆ ಬಂದು ಬಾಗಿಲಲ್ಲಿ ನಿಂತಳು. ಅಪ್ಪಯ್ಯನೂ ಬಂದ, ಅವಳ ಹಿಂದೆ ಆಯಿಯೂ ಬಂದಳು.

"ಇದೊಂದು ಕೋಣೆನೂ ನುಂಗಿ ಹಾಕ್ದೆ," ಎಂದಳು ಅತ್ತೆ. ಅವಳ ದನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು. "ಇನ್ನು ಈ ಮನೇಲಿ ಹೊರಗಾದವು ಎಲ್ಲಿ ಕೂರವು?"

ನನ್ನ ನಾಲಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು. ಅಷ್ಟರಲ್ಲಿ ಆಯಿ ಅಂಗಳಕ್ಕೆ ಇಳಿದು, ಚಾಪೆ ಎತ್ತಿ ಧೂಳು ಕೊಡವಿ, ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಮದುವೆಯಾಗಿ ಬಂದಂದಿನಿಂದ ತಿಂಗಳು ತಿಂಗಳೂ ಅದರ ಮೇಲೆ ಕೂತವಳು ಅವಳು.

"ಆನೂ ಕೂಸೂ ಒಳಗೇ ಕೂರ್ತ್ಯ, ಅತ್ತಿಗೆ," ಎಂದಳು.